ಅಧಿಕಾರಿ ಕೇಳದೆ ಬಿಟ್ಟ ಪ್ರಶ್ನೆ

2019ರಲ್ಲಿ ಅಮೆರಿಕದ ನ್ಯೂಜೆರ್ಸಿಗೆ ಹೋಗಿದ್ದಾಗ ಒಂದು ಬೆಳಿಗ್ಗೆ ಅಲ್ಲಿನ ವಲಸೆ ಕಚೇರಿಯ ಕಾಯುವ ಕೋಣೆಯಲ್ಲಿ ಕುಳಿತಿದ್ದೆ. ನನ್ನ ತಂಗಿಯ ಮಗಳಿಗೆ ಅಂದು ಪೌರತ್ವದ ಸಂದರ್ಶನ. ಪಾಸ್‌ಪೋರ್ಟ್, ಗ್ರೀನ್ ಕಾರ್ಡು, ಮದುವೆಯ ಪತ್ರಗಳಿದ್ದ ಚೀಲವನ್ನು ಅವಳ ಹೆಸರು ಕೂಗುವ ತನಕ ಗಂಡ ತನ್ನ ತೊಡೆಯಿಂದ ಇಳಿಸಲಿಲ್ಲ. ಮನೆಯಲ್ಲೂ ಅವು ಅವನ ಬೀರುವಿನಲ್ಲೇ, ಬೀಗದೊಳಗೆ. ಅವಳ ಮಣಿಕಟ್ಟಿನ ಬಾವು ಇಳಿದಿರಲಿಲ್ಲ. ಉದ್ದ ತೋಳಿನ ಅಂಗಿ ತೊಡಿಸಿ ಕರೆತಂದಿದ್ದ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಒಳಗೆ ನಡೆದದ್ದನ್ನು ರಾತ್ರಿ ಅಡುಗೆಮನೆಯಲ್ಲಿ ಹೇಳಿದಳು. ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದರಂತೆ. ನೀನು ಕುಡಿತದ ಚಟಕ್ಕೆ ಬಿದ್ದಿದ್ದೆಯಾ, ಒಂದೇ ಕಾಲಕ್ಕೆ ಇಬ್ಬರನ್ನು ಮದುವೆಯಾಗಿದ್ದೆಯಾ ಎಂದು ಆಗಿನ ಅರ್ಜಿಯಲ್ಲಿದ್ದುದನ್ನೆಲ್ಲ ಕೇಳಿದರಂತೆ. ಆಗಿನ ನಿಯಮದಂತೆ ದೇಶದ ಬಗ್ಗೆ ಹತ್ತು ಪ್ರಶ್ನೆಗಳಲ್ಲಿ ಆರಕ್ಕೆ ಸರಿಯುತ್ತರ ಕೊಡಬೇಕಿತ್ತು. ಅವುಗಳಲ್ಲೊಂದು: ಸೂಸನ್ ಬಿ. ಆಂಥೊನಿ ಏನು ಮಾಡಿದಳು? 1872ರಲ್ಲಿ ಹೆಂಗಸಾಗಿಯೂ ಮತ ಹಾಕಿ ಬಂಧನಕ್ಕೊಳಗಾದವಳು, ನೂರು ಡಾಲರ್ ದಂಡ ಕಟ್ಟೆನೆಂದವಳು. "ಮಹಿಳೆಯರ ಹಕ್ಕಿಗಾಗಿ ಹೋರಾಡಿದಳು" ಎಂದು ನಮ್ಮ ಹುಡುಗಿ ಸರಿಯಾಗಿಯೇ ಉತ್ತರಿಸಿದಳು. ಬಾತ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡೇ!

ಹೆಂಡತಿ ಕುಡುಕಳೇ ಎಂದು ಅಂದು ಕೇಳಿದ ಸರ್ಕಾರ, ಗಂಡ ಕುಡಿದು ಬಂದು ಹೊಡೆಯುತ್ತಾನೆಯೇ ಎಂದು ಏಕೆ ಕೇಳಲಿಲ್ಲ? ಮದುವೆ ನಿಜವೋ ನಾಟಕವೋ ಎಂಬುದಷ್ಟೇ ಅದರ ಚಿಂತೆ. ಮೋಸದ ಮದುವೆ ತಡೆಯಲೆಂದು 1986ರಲ್ಲಿ ಅಲ್ಲಿ ಒಂದು ಕಾನೂನು ಬಂತು. ಹೊಸದಾಗಿ ಮದುವೆಯಾಗಿ ಹೋದ ಹೆಂಡತಿಗೆ ಮೊದಲು ಎರಡೇ ವರ್ಷದ ಕಾರ್ಡು. ಅದು ಕಾಯಂ ಆಗಬೇಕಾದರೆ ಅರ್ಜಿಗೆ ಗಂಡನೂ ಸಹಿ ಹಾಕಬೇಕು. ಬಡಿಯುವವನ ಕೈಗೇ ಬೆತ್ತ ಕೊಟ್ಟಂತಾಯಿತು. "ಸಹಿ ಹಾಕಲ್ಲ, ನಿಮ್ಮಪ್ಪನ ಮನೆಗೆ ಹೋಗು" ಎಂಬ ಮಾತನ್ನು ಈ ಹುಡುಗಿ ಎಷ್ಟು ಸಲ ಕೇಳಿದ್ದಳೋ.

ಆದರೆ ಅಲ್ಲಿನ ಮಹಿಳಾ ಸಂಘಟನೆಗಳು ಸುಮ್ಮನಿರಲಿಲ್ಲ. ಹೊಡೆತ ತಿಂದ ಹೆಂಡತಿ ಗಂಡನ ಸಹಿಯಿಲ್ಲದೆ ತಾನೊಬ್ಬಳೇ ಅರ್ಜಿ ಹಾಕಬಹುದೆಂದು 1990ರಲ್ಲೇ ತಿದ್ದುಪಡಿಯಾಯಿತು. 1994ರ ಕಾನೂನಿನಿಂದ, ಗಂಡ ಕಾಗದಪತ್ರ ಮಾಡಿಸದೇ ಸತಾಯಿಸಿದರೂ ಅವಳೇ ನೇರವಾಗಿ ಅರ್ಜಿ ಸಲ್ಲಿಸುವಂತಾಯಿತು. ಅದು ಅವನಿಗೆ ತಿಳಿಯದಂತೆ ಗುಟ್ಟಾಗಿಡುತ್ತಾರೆ. ಕಾಯಂ ಕಾರ್ಡು ಬಂದ ಮೇಲಂತೂ ಗಂಡನನ್ನು ಬಿಟ್ಟರೆ ಪೌರತ್ವಕ್ಕೆ ಮೂರರ ಬದಲು ಐದು ವರ್ಷ ಕಾಯಬೇಕಿತ್ತು, ಅಷ್ಟೇ. ಇದು ಅವಳಿಗೆ ಗೊತ್ತಿರಲಿಲ್ಲ.

ನನಗೂ ಗೊತ್ತಿರಲಿಲ್ಲ. ಜೀವನವಿಡೀ ಕಾಲೇಜಿನಲ್ಲಿ ಪಾಠ ಹೇಳಿದವಳು ನಾನು. ಅವಳು ಫೋನಿನಲ್ಲಿ ಅತ್ತಾಗ ಹೇಳಿದ್ದೇನು? "ತಾಳಿಕೊಳ್ಳೇ ಮಗಳೇ, ಸಿಟಿಜನ್‌ಶಿಪ್ ಒಂದು ಆಗಿಬಿಡಲಿ." ಆ ಮಾತು ನಂಬಿ ಅವಳು ನಾಲ್ಕು ವರ್ಷ ಏಟು ತಿಂದಳು. ಅವನು ಹೊಡೆದ, ನಾವು ತಾಳಿಕೋ ಎಂದೆವು. ಇದರಲ್ಲಿ ನನ್ನ ಪಾಲನ್ನು ನಾನು ಮುಚ್ಚಿಡಲಾರೆ.

ಇನ್ನು ನಮ್ಮ ಮದುವೆ ಮಾರುಕಟ್ಟೆ. ಊರಿನ ಮೇಷ್ಟರಿಗೆ ಒಂದು ದರ, ಬೆಂಗಳೂರಿನ ಇಂಜಿನಿಯರಿಗೆ ಇನ್ನೊಂದು, ಅಮೆರಿಕದ ಪೌರನಿಗೆ ಮತ್ತೊಂದು! ತಂಗಿಯ ಗಂಡ ತೋಟದ ಒಂದು ಎಕರೆ ಮಾರಿ ಈ ಹುಡುಗನನ್ನು ತಂದ. ವರದಕ್ಷಿಣೆ ಕೊಡುವುದೂ ಅಪರಾಧವೆಂದು 1961ರ ಕಾಯಿದೆ ಹೇಳುತ್ತದೆ. ಹುಡುಗನ ಜಾತಕ ನೋಡಿದರು, ಸಂಬಳ ವಿಚಾರಿಸಿದರು. ಮಗಳ ವೀಸಾ ಯಾರ ಕೈಯಲ್ಲಿರುತ್ತದೆಂದು ಒಬ್ಬರೂ ಕೇಳಲಿಲ್ಲ. ಅಲ್ಲಿ ಕೆಲಸದ ವೀಸಾದಲ್ಲಿರುವವನ ಹೆಂಡತಿಯ ಪಾಡು ಇನ್ನೂ ಕಷ್ಟ. ನಾನು ಹೇಳಿದ 1994ರ ಕಾನೂನು ಅವಳಿಗೆ ಅನ್ವಯಿಸದು.

ಮಗಳನ್ನು ಕಳಿಸುವವರು ಚಿನ್ನ ತೂಗುವ ಬದಲು ಅವಳ ಪಾಸ್‌ಪೋರ್ಟ್, ವೀಸಾ, ಮದುವೆ ನೋಂದಣಿ ಪತ್ರ, ಗಂಡನ ಪೌರತ್ವದ ದಾಖಲೆ ಇವುಗಳ ಪ್ರತಿ ತೆಗೆದು ಒಂದು ಕಟ್ಟು ತಾಯಿಮನೆಯಲ್ಲಿ ಇಟ್ಟುಕೊಳ್ಳಿ. ಅಮೆರಿಕದಲ್ಲಿ ಹಿಂಸೆಗೊಳಗಾದವರಿಗೆ 1996ರಿಂದ ಒಂದು ಸಹಾಯವಾಣಿಯಿದೆ: 1-800-799-7233. ಅವಳಿಗೆ ಬಾಯಿಪಾಠ ಮಾಡಿಸಿ. ನ್ಯೂಜೆರ್ಸಿಯಲ್ಲಿ ನಮ್ಮ ಕಡೆಯ ಹೆಂಗಸರಿಗಾಗಿಯೇ 1985ರಲ್ಲಿ 'ಮಾನವಿ' ಎಂಬ ಸಂಘಟನೆ ಹುಟ್ಟಿತು. ಅದು ನಮ್ಮ ಹುಡುಗಿಯ ಮನೆಗೆ ದೂರವೇನಿರಲಿಲ್ಲ.

ಕಳೆದ ತಿಂಗಳು ನಮ್ಮೂರಿನ ಸಂಘಕ್ಕೆ ಮದುವೆ ಸಾಲದ ಅರ್ಜಿಯೊಂದು ಬಂತು. ವಿದೇಶದ ವರನಂತೆ. ಇದನ್ನೆಲ್ಲ ಸಭೆಯಲ್ಲಿ ಹೇಳಿದೆ. ಅರ್ಜಿ ಹಾಕಿದ ತಾಯಿ ಮುನಿಸಿಕೊಂಡು ಎದ್ದು ಹೋದರು. ಅರ್ಜಿಯನ್ನು ಮುಂದಿನ ವಾರಕ್ಕೆ ಇಟ್ಟಿದ್ದಾರೆ.