ಗೋದಾಮಿನ ಬೀಗದ ಕೈ ಮತ್ತು ಲೆಕ್ಕದ ಪುಸ್ತಕ



ಕಳೆದ ತಿಂಗಳು ಮೈಸೂರಿನ ನಮ್ಮ ಮನೆಗೆ ಹಿರಿಯ ಸದಸ್ಯರೊಬ್ಬರು ಮಗನೊಡನೆ ಬಂದಿದ್ದರು. ಮಗನಿಗೆ ವಯಸ್ಸು ನಲವತ್ತು. ತೋಟದ ಕೆಲಸವನ್ನೆಲ್ಲ ಆತನೇ ನೋಡಿಕೊಳ್ಳುತ್ತಾನೆ. "ಈ ಸಲದ ಚೆರ್ರಿ ಕೊಟ್ಟಾಯಿತೋ, ಇಟ್ಟಿದ್ದೀರೋ?" ಎಂದು ಆತನನ್ನೇ ಕೇಳಿದೆ. ಆತ ತಂದೆಯ ಮುಖ ನೋಡಿದ. ಉತ್ತರ ಹೇಳಿದವರು ತಂದೆ.

ನಮ್ಮಲ್ಲಿ ಅನೇಕರ ಮನೆಯ ಸ್ಥಿತಿ ಇದೇ. ದುಡಿಮೆ ಮಗನದು, ತೀರ್ಮಾನ ಅಪ್ಪನದು. "ಹುಡುಗನಿಗೆ ಅನುಭವ ಸಾಲದು" ಎನ್ನುತ್ತೇವೆ. ತೀರ್ಮಾನ ಮಾಡಲು ಬಿಡದೆ ಅನುಭವ ಎಲ್ಲಿಂದ ಬರಬೇಕು?

ಕಾಫಿ ಬೆಳೆಗಾರರಾದ ನಾವೆಲ್ಲ ಒಟ್ಟಾಗಿ ಕಲಿತ ಪಾಠವಿದು. 1942ರ ಕಾಫಿ ಕಾಯಿದೆಯ ಅಡಿ ನಡೆದ ಪೂಲ್ ಪದ್ಧತಿಯಲ್ಲಿ ಬೆಳೆಯನ್ನು ಕಾಫಿ ಮಂಡಳಿಗೆ ಒಪ್ಪಿಸಿದರೆ ನಮ್ಮ ಕೆಲಸ ಮುಗಿಯುತ್ತಿತ್ತು. ಮಾರುವುದು ಮಂಡಳಿಯ ಹೊಣೆ. ಹಣ ಕಂತುಗಳಲ್ಲಿ ಬರುತ್ತಿತ್ತು. ಬೆಲೆ ಸಾಲದೆಂದು ಮಂಡಳಿಯನ್ನು ಬೈಯುವ ಸುಖವೂ ಇತ್ತು. 1992ರಿಂದ ಈ ಪದ್ಧತಿ ಹಂತಹಂತವಾಗಿ ಸಡಿಲಗೊಂಡು, 1996ರಲ್ಲಿ ಪೂರ್ತಿ ಬೆಳೆಯ ಮಾರಾಟ ನಮ್ಮ ಕೈಗೇ ಬಂತು. ಅರ್ಧ ಶತಮಾನ ಮಾರಿ ಅಭ್ಯಾಸವಿಲ್ಲದವರು ಮಾರಾಟ ಕಲಿಯಬೇಕಾಯಿತು.

ಮೈಸೂರಿನಲ್ಲಿ ಪದವಿ ಮುಗಿಸಿ ನಾನು ತೋಟಕ್ಕೆ ಮರಳಿ ಆಗ ಕೆಲವೇ ವರ್ಷಗಳಾಗಿದ್ದವು. 1997ರಲ್ಲಿ ತಂದೆಯವರು ಗೋದಾಮಿನ ಬೀಗದ ಕೈ ಕೊಟ್ಟು, "ಈ ವರ್ಷದ್ದು ನೀನೇ ಮಾರು" ಎಂದರು. ಜಾಗತಿಕ ಪೇಟೆಯಲ್ಲಿ ಅರೇಬಿಕಾ ಬೆಲೆ ಮೇ ತಿಂಗಳವರೆಗೂ ಏರಿತು. ಇನ್ನೂ ಏರಲಿ ಎಂದು ಒಂದು ಮೂಟೆಯನ್ನೂ ಕೊಡಲಿಲ್ಲ. ಬೆಲೆ ಇಳಿಯಿತು. ಇಳಿದದ್ದು ಏರದೆ ಇದ್ದೀತೇ ಎಂದು ಮತ್ತೆ ಕಾದೆ. ಮಳೆಗಾಲದ ಶೀತಕ್ಕೆ ಚೆರ್ರಿಯ ಗುಣ ಕೆಟ್ಟಿತು, ಬ್ಯಾಂಕಿನ ಬಡ್ಡಿ ಬೆಳೆಯಿತು. ಕೊನೆಗೆ ಮುಂದಿನ ಕೊಯ್ಲಿಗೆ ಕೂಲಿ ಕೊಡಲು ಹಣವಿಲ್ಲದೆ ಸಿಕ್ಕಿದ ಬೆಲೆಗೆ ಮಾರಿದೆ.

ತಂದೆಯವರು ಬೈಯಲಿಲ್ಲ. ಲೆಕ್ಕದ ಪುಸ್ತಕ ಮುಂದಿಟ್ಟು, "ಯಾವ ದಿನ ಎಷ್ಟು ಬೆಲೆ ಇತ್ತು, ಏಕೆ ಕೊಡಲಿಲ್ಲ, ಬಡ್ಡಿ ಎಷ್ಟಾಯಿತು, ಎಲ್ಲ ಬರೆ" ಎಂದರು. ಬರೆಯುವಾಗ ಅರ್ಥವಾಯಿತು: ಬೆಲೆ ಇಳಿಯುವುದು ತಿಳಿಯದಿದ್ದದ್ದು ನನ್ನ ತಪ್ಪಲ್ಲ, ಸಾಲವಿದ್ದೂ ಇಡೀ ಬೆಳೆಯನ್ನು ಒಂದೇ ಆಸೆಗೆ ಕಟ್ಟಿದ್ದು ತಪ್ಪು. ಅಂದಿನಿಂದ ಕೊಯ್ಲು ಮುಗಿದೊಡನೆ ಕೂಲಿಗೆ, ಸಾಲಕ್ಕೆ ಬೇಕಾದಷ್ಟನ್ನು ಮಾರಿ, ಉಳಿದದ್ದನ್ನು ಮಾತ್ರ ಎರಡು ಮೂರು ಸಲಕ್ಕೆ ಕೊಡುತ್ತೇನೆ. 2001-02ರಲ್ಲಿ ಬೆಲೆ ನೆಲ ಕಚ್ಚಿದಾಗ ನಮ್ಮ ತೋಟ ಉಳಿದದ್ದು ಈ ರೂಢಿಯಿಂದ. 2025ರ ಆರಂಭದಲ್ಲಿ ಬೆಲೆ ದಾಖಲೆ ಮುಟ್ಟಿದಾಗ ನನ್ನ ಮೊದಲ ಪಾಲು ಕಡಿಮೆಗೆ ಹೋಗಿಬಿಟ್ಟಿತ್ತು. ಕೊರಗಲಿಲ್ಲ. ಬೆಲೆ ಕಡಿಮೆ ಸಿಕ್ಕಿದ ಮಾತ್ರಕ್ಕೆ ತೀರ್ಮಾನ ತಪ್ಪಾಗುವುದಿಲ್ಲ. ಲಾಭ ಬಂದ ಮಾತ್ರಕ್ಕೆ ಸರಿಯೂ ಆಗುವುದಿಲ್ಲ.

"ಹುಡುಗ ತಪ್ಪಿದರೆ ಸಾಲ ತೀರಿಸುವವರು ಯಾರು?" ಎಂದು ಹಿರಿಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಡೀ ತೋಟ ಬಿಟ್ಟುಕೊಡಿ ಎಂದು ನಾನು ಹೇಳುತ್ತಿಲ್ಲ. ಅರ್ಧ ಎಕರೆ ಅಡಿಕೆಯನ್ನು ಮಗನಿಗೋ ಮಗಳಿಗೋ ವಹಿಸಿ. ಮುಂಗಾರಿಗೆ ಮೊದಲು ಬೋರ್ಡೋ ದ್ರಾವಣ ಹೊಡೆಸುವುದು, 40-45 ದಿನಕ್ಕೆ ಎರಡನೆಯ ಸಲ ಹೊಡೆಸುವುದು, ಕೊನೆಗಾರರನ್ನು ಗೊತ್ತುಮಾಡುವುದು, ಚಾಲಿ ಮಾರುವ ದಿನ ತೀರ್ಮಾನಿಸುವುದು ಎಲ್ಲ ಅವರದೇ ಇರಲಿ. ತಡಮಾಡಿ ಕೊಳೆರೋಗಕ್ಕೆ ಕಾಯಿ ಉದುರಿದರೆ ಆ ನಷ್ಟವನ್ನು ಗುಟ್ಟಾಗಿ ತುಂಬಿಕೊಡಬೇಡಿ. ಊಟದ ಹೊತ್ತಿನಲ್ಲಿ ಹಂಗಿಸಲೂ ಬೇಡಿ. ಅವರ ಕೈಯಿಂದಲೇ ಲೆಕ್ಕ ಬರೆಸಿ. ಅರ್ಧ ಎಕರೆಯಲ್ಲಿ, ಅಪ್ಪ ಇರುವಾಗಲೇ ಆಗುವ ತಪ್ಪು ಅಗ್ಗ. ಅಪ್ಪ ತೀರಿಕೊಂಡ ಮರುವರ್ಷ ಇಡೀ ತೋಟದಲ್ಲಿ ಆಗುವ ಮೊದಲ ತಪ್ಪು ಬಹಳ ದುಬಾರಿ.

ಸಹಕಾರ ಸಂಘವೂ ಈ ಹೊಣೆಯನ್ನು ತಪ್ಪಿಸಲಾರದು. ಬೆಲೆ ಕುಸಿತದಿಂದ ನೊಂದ ಅಡಿಕೆ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೊ ಕಟ್ಟಿ ಬಲ ಪಡೆದರು. ಆದರೂ ಅಡಿಕೆಯನ್ನು ಇಂದು ಕೊಡುವುದೋ ನಾಳೆಯೋ ಎಂಬುದನ್ನು ಬೆಳೆದವನೇ ನಿರ್ಧರಿಸಬೇಕು. ನಮ್ಮ ಸಂಘವೂ ದರ ತಿಳಿಸಬಹುದು, ಸಲಹೆ ಕೊಡಬಹುದು, ಅಷ್ಟೆ.

ಮುಂದಿನ ಮಹಾಸಭೆಗೆ ಹಿರಿಯರು ಮಕ್ಕಳನ್ನೂ ಕರೆತರಬೇಕೆಂದು ನನ್ನ ಕೋರಿಕೆ. ಅವರನ್ನು ಕೇಳಿದ ಪ್ರಶ್ನೆಗೆ ಅವರೇ ಉತ್ತರ ಹೇಳಲಿ.

- ಕಾರ್ಯದರ್ಶಿ