ಮರೆವಿನ ಕಾಯಿಲೆಯ ತಂದೆತಾಯಿಯರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿರುವ ಕುಟುಂಬಗಳ ಮನವಿ

ಇವರಿಗೆ,
ಮಾನ್ಯ ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು,
ಆರೋಗ್ಯ ಸೌಧ, ಮಾಗಡಿ ರಸ್ತೆ, ಬೆಂಗಳೂರು.

ವಿಷಯ: ಪಶ್ಚಿಮ ಬೆಂಗಳೂರಿನಲ್ಲಿ ಆಲ್‌ಝೈಮರ್ಸ್ ರೋಗಿಗಳಿಗೆ ಹಗಲು ಆರೈಕೆ ಕೇಂದ್ರ ಹಾಗೂ ಅವರ ಕುಟುಂಬಗಳಿಗೆ ನೆರವು ಕೋರಿ.

ಮಾನ್ಯರೇ,

ನಾವು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಮತ್ತು ಕೆಂಗೇರಿಯ ನಿವಾಸಿಗಳು. ಆಲ್‌ಝೈಮರ್ಸ್ ಬಂದಿರುವ ತಂದೆಯನ್ನೋ ತಾಯಿಯನ್ನೋ ಮನೆಯಲ್ಲೇ ನೋಡಿಕೊಳ್ಳುತ್ತಿದ್ದೇವೆ. ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ (ಆಲ್‌ಝೈಮರ್ಸ್ ಸೇರಿದಂತೆ ಮರೆವಿನ ಕಾಯಿಲೆಗಳು) ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿದೆ. ಇವರಲ್ಲಿ ಹೆಚ್ಚಿನವರ ಆರೈಕೆ ನಡೆಯುತ್ತಿರುವುದು ಆಸ್ಪತ್ರೆಗಳಲ್ಲಲ್ಲ, ನಮ್ಮಂಥವರ ಮನೆಗಳಲ್ಲಿ.

ಬಿನ್ನಿ ಮಿಲ್ಲು ಮುಚ್ಚಿ ಎಷ್ಟೋ ವರ್ಷವಾಯಿತು. ಆದರೂ ನಸುಕಿನಲ್ಲೆದ್ದು ಪಾಳಿಗೆ ಹೊರಡುವ ತಂದೆ ನಮ್ಮಲ್ಲಿದ್ದಾರೆ. ಉಂಡು ಕೈ ತೊಳೆದು ಬಂದು, "ಊಟವೇ ಹಾಕಲಿಲ್ಲ" ಎಂದು ಅಕ್ಕಪಕ್ಕದವರ ಮುಂದೆ ಅಳುವ ತಾಯಿ ಇದ್ದಾರೆ. ಹೊತ್ತು ಮುಳುಗುತ್ತಿದ್ದಂತೆ ಇವರು ತಾವೇ ಕಟ್ಟಿಸಿದ ಮನೆಯಲ್ಲಿ ನಿಂತು "ಮನೆಗೆ ಕರಕೊಂಡು ಹೋಗು" ಎಂದು ಹಟ ಹಿಡಿಯುತ್ತಾರೆ. ರಾತ್ರಿ ಅವರಿಗೆ ನಿದ್ದೆಯಿಲ್ಲ, ನಮಗೂ ಇಲ್ಲ. ಕಡೆಗೆ ಮಗಳೋ ಸೊಸೆಯೋ ಕೆಲಸ ಬಿಡುತ್ತಾಳೆ. ಹಾಗೆ ಬಿಟ್ಟವಳ ಬಿಪಿ, ಬೆನ್ನುನೋವು, ಬೇಸರವನ್ನು ವಿಚಾರಿಸುವವರು ಯಾರೂ ಇಲ್ಲ. ಹೋಮ್ ನರ್ಸ್ ಇಟ್ಟುಕೊಳ್ಳುವ ಶಕ್ತಿ ಪಿಂಚಣಿ ನಂಬಿದ ಮನೆಗಳಿಗಿಲ್ಲ.

ಆದ್ದರಿಂದ ನಮ್ಮ ಮುಖ್ಯ ಬೇಡಿಕೆ ಹಗಲು ಆರೈಕೆ ಕೇಂದ್ರ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟಿನ ಆಲ್‌ಝೈಮರ್ಸ್ ಕೇಂದ್ರವಿರುವುದು ಊರಿನ ಇನ್ನೊಂದು ತುದಿಯ ಕಸ್ತೂರಿನಗರದಲ್ಲಿ, ನಿಮ್ಹಾನ್ಸ್ ಇರುವುದು ಹೊಸೂರು ರಸ್ತೆಯಲ್ಲಿ. ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಆಟೋದಿಂದ ಇಳಿದು ನಡೆಯಲು ಹೊರಡುವವರನ್ನು ಕೈಹಿಡಿದು ಕೂರಿಸಿಕೊಂಡು ಅಷ್ಟು ದೂರ ದಿನವೂ ಹೋಗಿಬರಲಾಗದು. ಪಾಲಿಕೆಯ ಖಾಲಿ ಕಟ್ಟಡಗಳಲ್ಲಿ, ನೆಲಮಹಡಿಯಲ್ಲೇ, ತರಬೇತಿ ಪಡೆದ ಆರೈಕೆದಾರರನ್ನಿಟ್ಟು ಬೆಳಿಗ್ಗೆಯಿಂದ ಸಂಜೆಯವರೆಗೆ ನಡೆಯುವ ಕೇಂದ್ರಗಳನ್ನು ನಮ್ಮ ನಾಲ್ಕೂ ಬಡಾವಣೆಗಳಲ್ಲಿ ತೆರೆಯಬೇಕು. ವರ್ಷಕ್ಕೆ ಕೆಲವು ದಿನ ರಾತ್ರಿಯೂ ಇವರನ್ನು ಅಲ್ಲಿ ಬಿಡುವಂತಿರಬೇಕು. ಮನೆಯಲ್ಲಿ ಒಂದು ಸಾವಾದರೆ, ಮದುವೆಯಾದರೆ, ನೋಡಿಕೊಳ್ಳುವವರಿಗೇ ಆಪರೇಷನ್ ಆದರೆ ಇವರನ್ನು ಎಲ್ಲಿ ಬಿಡುವುದು?

ನಿಮ್ಹಾನ್ಸ್ ಸಹಯೋಗದಲ್ಲಿ ಸರ್ಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮವನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಅದರ ಸೇವೆ ನಮ್ಮ ವಾರ್ಡುಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ವಾರದ ನಿಗದಿತ ದಿನ ಬರಲಿ. ವಯಸ್ಸಾಯಿತು, ಅರಳುಮರಳು ಎಂದು ಸುಮ್ಮನಿದ್ದೇ ಮೊದಲ ವರ್ಷಗಳು ಕಳೆದುಹೋಗುತ್ತವೆ. ಥೈರಾಯ್ಡ್ ಅಥವಾ ಬಿ12 ಕೊರತೆಯಿಂದ ಬಂದ ಮರೆವಾದರೆ ಚಿಕಿತ್ಸೆಯಿದೆ. ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟರೆ ಮರೆವು ಶುರುವಾದವರನ್ನು ಬೇಗ ಗುರುತಿಸಬಹುದು.

ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳ ಆರೈಕೆದಾರರಿಗೆ ತಿಂಗಳಿಗೆ ರೂ. 1,000 ಭತ್ಯೆಯನ್ನು 2024-25ರ ಬಜೆಟ್ಟಿನಲ್ಲಿ ಘೋಷಿಸಲಾಗಿತ್ತು. ಆ ಪಟ್ಟಿಗೆ ಡಿಮೆನ್ಷಿಯಾ ಸೇರಬೇಕು.

ಇವರು ಮನೆಯಿಂದ ಹೊರಬಿದ್ದು ಕಾಣೆಯಾಗುವುದೂ ಉಂಟು. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದಲ್ಲಿ ಹಾಗೆ ಕಾಣೆಯಾಗುವ ಆಲ್‌ಝೈಮರ್ಸ್ ರೋಗಿಯಾಗಿ ಅನಂತ್ ನಾಗ್ ಅವರ ವೆಂಕೋಬ ರಾವ್ ಪಾತ್ರವನ್ನು ನಾಡೇ ಕಂಡಿದೆ. ನಮಗೆ ಅದು ದಿನದ ಭಯ. ಬಾಗಿಲು ತೆರೆದಿದ್ದರೆ ಕೆಂಗೇರಿ ಬಸ್ ನಿಲ್ದಾಣವೋ ವೃಷಭಾವತಿಯ ದಂಡೆಯೋ ಎಂದು ಹುಡುಕುತ್ತೇವೆ. ದೂರು ಕೊಟ್ಟ ಗಳಿಗೆಯಲ್ಲೇ ಹುಡುಕಾಟ ಆರಂಭವಾಗುವಂತೆ ಪೊಲೀಸ್ ಇಲಾಖೆಯೊಂದಿಗೆ ಮಾತಾಡಿ, ಗುರುತಿನ ಕೈಪಟ್ಟಿ ಕೊಡಿಸಿ. ಬಿಎಂಟಿಸಿ, ಮೆಟ್ರೊ ಸಿಬ್ಬಂದಿಗೂ ತಿಳಿವಳಿಕೆ ನೀಡಿ.

ಸಹಿ ಮಾಡುವುದನ್ನೇ ಮರೆತವರ ಬ್ಯಾಂಕ್ ಖಾತೆಯಿಂದ ಅವರದೇ ಔಷಧಿಗೆ ಹಣ ತೆಗೆಯಲಾಗುತ್ತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ನಾಮನಿರ್ದೇಶಿತ ಪ್ರತಿನಿಧಿಗೆ ಅಧಿಕಾರವಿರುವುದು ಚಿಕಿತ್ಸೆಯ ವಿಷಯದಲ್ಲಿ ಮಾತ್ರ. ಹಣಕಾಸಿನ ಪೋಷಕತ್ವಕ್ಕೆ ಜಿಲ್ಲಾ ಮಟ್ಟದಲ್ಲೇ ಸರಳ ವ್ಯವಸ್ಥೆಯಾಗುವಂತೆ ಕಾನೂನು ಇಲಾಖೆಗೆ ತಾವು ಶಿಫಾರಸು ಮಾಡಬೇಕು.

ಈ ಬಗ್ಗೆ ಒಂದು ತಿಂಗಳೊಳಗೆ ಸಂಬಂಧಪಟ್ಟ ಇಲಾಖೆಗಳ ಸಭೆ ಕರೆದು ನಮ್ಮನ್ನೂ ಆಹ್ವಾನಿಸಬೇಕೆಂದು ಕೋರುತ್ತೇವೆ. ಸಭೆ ಹಗಲಿನಲ್ಲಿರಲಿ, ಸಂಜೆ ನಾವು ಮನೆ ಬಿಟ್ಟು ಬರುವಂತಿಲ್ಲ.

ತಮ್ಮ ವಿಶ್ವಾಸಿಗಳು,
ಸಹಿ ಮಾಡಿರುವ ಕುಟುಂಬಗಳು

ಪ್ರತಿ: ನಿರ್ದೇಶಕರು, ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ; ಪೊಲೀಸ್ ಆಯುಕ್ತರು, ಬೆಂಗಳೂರು ನಗರ.