ಊರಿನವನೇ, ಕಾಗದ ಯಾಕೆ?

ವಿಠ್ಠಲವಾಡಿ, ಕಲ್ಯಾಣ, ಡೊಂಬಿವಲಿ ಕಡೆ ನಮ್ಮವರು ಇಬ್ಬರು ಸೇರಿ ಹೋಟೆಲ್ಲೋ, ಆ್ಯಪೋ ಶುರು ಮಾಡುವಾಗ ‘ಊರಿನವನೇ, ಕಾಗದ ಯಾಕೆ?’ ಅನ್ನುತ್ತಾರೆ. ಕೇಳಲು ಚೆಂದ. ಆದರೆ ನೀವು ಬರೆಯದೇ ಬಿಟ್ಟದ್ದನ್ನು ಕಾನೂನು ತಾನೇ ಬರೆದುಕೊಳ್ಳುತ್ತದೆ.

1932ರ ಪಾಲುದಾರಿಕೆ ಕಾಯ್ದೆ ನೋಡಿ. ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭ, ನಷ್ಟ ಎರಡೂ ಸಮಪಾಲು. ಒಬ್ಬ ಹತ್ತು ಲಕ್ಷ, ಇನ್ನೊಬ್ಬ ಎರಡು ಲಕ್ಷ ಹಾಕಿದ್ದರೂ ಅಷ್ಟೇ. ಸಂಸ್ಥೆಯ ಸಾಲ ಪೂರ್ತಿಯಾಗಿ ಒಬ್ಬನಿಂದಲೇ ವಸೂಲಾಗಬಹುದು.

ಇನ್ನು ನೋಂದಣಿ. ಅದಿಲ್ಲದ ಸಂಸ್ಥೆ ಬಾಕಿ ಉಳಿಸಿಕೊಂಡ ಗಿರಾಕಿಯ ಮೇಲೆ ಒಪ್ಪಂದದ ಆಧಾರದಲ್ಲಿ ದಾವೆ ಹೂಡುವಂತಿಲ್ಲ. ಗಿರಾಕಿ ಮಾತ್ರ ನಿಮ್ಮ ಮೇಲೆ ಹೂಡಬಹುದು! ಮಹಾರಾಷ್ಟ್ರವಂತೂ 1984ರ ತಿದ್ದುಪಡಿಯಲ್ಲಿ ಇಂಥ ಪಾಲುದಾರರು ವಿಸರ್ಜನೆ, ಲೆಕ್ಕಪತ್ರ ಕೋರಿ ಕೋರ್ಟಿಗೆ ಹೋಗುವುದನ್ನೂ ತಡೆದಿತ್ತು. ಇದು ಅತಿಯಾಯಿತೆಂದೇ ನನ್ನ ಅಭಿಪ್ರಾಯ. 2009ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅಸಾಂವಿಧಾನಿಕ ಎಂದಿತು. ಹಾಗೆಂದು ನಿಶ್ಚಿಂತರಾಗಬೇಡಿ: ಸಿಕ್ಕಿದ್ದು ಮುರಿದುಬಿದ್ದ ಮೇಲಿನ ಲೆಕ್ಕ ಕೇಳುವ ದಾರಿ. ವ್ಯಾಪಾರ ನಡೆಯುತ್ತಿರುವಾಗ ಪಾಲುದಾರನ ವಿರುದ್ಧ ಒಪ್ಪಂದದ ಹಕ್ಕು ಸಾಧಿಸಲು ನೋಂದಣಿ ಬೇಕೇ ಬೇಕು.

(ನಮ್ಮ ಸಾಫ್ಟ್‌ವೇರ್‌ನವರಿಗೆ ಒಂದು ಮಾತು: ಹೊರಗಿನವರಿಂದ ಕೋಡ್ ಬರೆಸಿ ದುಡ್ಡು ಕೊಟ್ಟ ಮಾತ್ರಕ್ಕೆ ಅದರ ಕಾಪಿರೈಟ್ ನಿಮ್ಮದಾಗದು. ಸಹಿ ಮಾಡಿದ ವರ್ಗಾವಣೆ ಪತ್ರ ಬೇಕು.)

ಯಾರು ಎಷ್ಟು ಹಾಕಿದರು, ಬಿಟ್ಟುಹೋದರೆ ಎಷ್ಟು ಸಿಗಬೇಕು, ಒಬ್ಬ ತೀರಿಕೊಂಡರೆ ಅವನ ಮನೆಯವರಿಗೆ ಏನು ಎಂಬುದನ್ನು ಮೊದಲೇ ಪಾಲುಪತ್ರದಲ್ಲಿ ಬರೆಸಿ, ರಿಜಿಸ್ಟ್ರಾರ್ ಆಫ್ ಫರ್ಮ್ಸ್‌ನಲ್ಲಿ ನೋಂದಾಯಿಸಿ. ಮಧ್ಯದಲ್ಲಿ ಮೂರನೆಯವನು ಸೇರಿದರೆ ಅವನ ಹೆಸರನ್ನೂ ಅಲ್ಲಿ ಸೇರಿಸಬೇಕು.